ಗೋಣಿಮರದ ಋಣ

ನಿಮ್ಮನ್ನೊಂದು ಒಗಟು ಕೇಳಲೇ? ಹೆಸರಿನಲ್ಲಿ ಬೆಳ್ಳಿ ಇದೆ, ಬೆಳ್ಳಿಯಲ್ಲ. ಹೆಸರಿನಲ್ಲಿ ಓಕ್ ಇದೆ, ಓಕೂ ಅಲ್ಲ. ನಮ್ಮೂರ ತುಂಬಾ ಇದೆ, ಆದರೆ ನಮ್ಮೂರಿನದಲ್ಲ. ಏನದು?

ಕಾಫಿ ಸೀಮೆಯ ಸೋದರಿಯರು ಆಗಲೇ ನಕ್ಕಿರುತ್ತೀರಿ. ಹೌದು, ನಮ್ಮ ಸಿಲ್ವರ್ ಓಕ್! ಚಿಕ್ಕಮಗಳೂರಿನಿಂದ ಮೂಡಿಗೆರೆಗೆ, ಅಲ್ಲಿಂದ ಕೊಟ್ಟಿಗೆಹಾರದ ಮೇಲೆ ಕಳಸಕ್ಕೆ ಬಸ್ಸಿನಲ್ಲಿ ಹೋದವರೆಲ್ಲ ಅದನ್ನು ನೋಡೇ ಇರುತ್ತೀರಿ. ಕಾಫಿ ಗಿಡಗಳ ನಡುವೆ ಕಂಬ ನಿಲ್ಲಿಸಿದ ಹಾಗೆ ನೆಟ್ಟಗೆ ನಿಂತಿರುತ್ತದೆ. ಮೈಗೆ ಮೆಣಸಿನ ಬಳ್ಳಿ ಸುತ್ತಿಕೊಂಡಿರುತ್ತದೆ. ಗಾಳಿ ಬಂದರೆ ಎಲೆ ಮಗುಚಿ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಈ ಮರದ ತವರು ಆಸ್ಟ್ರೇಲಿಯಾದ ಪೂರ್ವ ಕರಾವಳಿ. ಚಹಾ, ಕಾಫಿ ತೋಟದ ನೆರಳಿಗೆ ಅಂತ ಬ್ರಿಟಿಷರ ಕಾಲದಲ್ಲಿ ಇಲ್ಲಿಗೆ ಬಂತು. ಓಕ್ ಮರದ ಕುಲಕ್ಕೂ ಇದಕ್ಕೂ ನೆಂಟಸ್ತಿಕೆಯೇ ಇಲ್ಲ. ದಿಮ್ಮಿ ಕೊಯ್ದರೆ ಓಕಿನ ಹಾಗೆ ಕಾಣುತ್ತದೆ ಅಂತ ಆ ಹೆಸರು ಅಂಟಿಕೊಂಡಿದೆ, ಅಷ್ಟೆ.

ಈ ಸಿಲ್ವರ್ ಮರಕ್ಕೋಸ್ಕರ ನಾನು ಒಂದು ಗೋಣಿಮರವನ್ನು ಕಡಿಸಿದೆ. 'ಕಡಿಸಿದರು' ಅಂತ ಬರೆದು ನಮ್ಮನೆಯವರ ತಲೆಗೆ ಕಟ್ಟಬಹುದಿತ್ತು. ಆದರೆ ಹಟ ಹಿಡಿದವಳು ನಾನು. ಆ ಕಥೆಯನ್ನೇ ನಿಮಗೆ ಹೇಳಬೇಕು.

ನನ್ನ ತವರು ಕಳಸದ ಕಡೆ, ಕೊಟ್ಟದ್ದು ಮೂಡಿಗೆರೆಯ ಹತ್ತಿರ. ನಮ್ಮದು ದೊಡ್ಡ ಎಸ್ಟೇಟಲ್ಲ, ರೈಟರು ಬಂಗಲೆ ಇರುವ ಪೈಕಿಯಲ್ಲ. ಐದೆಕರೆ ಅರೇಬಿಕಾ ತೋಟ, ಒಂದಿಷ್ಟು ಅಡಿಕೆ, ಹಳ್ಳದ ಪಕ್ಕ ಗದ್ದೆ. ಮನೆಯ ಮುಂದೆ ಕಾಫಿ ಒಣಗಿಸುವ ಕಣ. ಕಣದ ಮೂಲೆಯಲ್ಲಿ ಆ ಗೋಣಿಮರ. ನಾಲ್ಕು ಜನ ಕೈ ಕೈ ಹಿಡಿದರೂ ತಬ್ಬಲಾಗದ ಬುಡ. ಎಲೆ ಅಂಗೈಗಿಂತ ದೊಡ್ಡದು, ದಪ್ಪ, ವರ್ಷವಿಡೀ ಹಸಿರು. ಹಣ್ಣು ಬಿಟ್ಟಾಗ ರೆಂಬೆಯ ತುಂಬಾ ಕಿತ್ತಳೆ ಕೆಂಪು.

ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯವರನ್ನು ಕೇಳಿದ್ದೆ, "ಈ ಮರದಿಂದ ಏನು ಉಪಯೋಗ?" ಅಂತ. ಹಲಸಾದರೆ ಹಪ್ಪಳ, ಕಡುಬು, ಬೀಜದ ಪಲ್ಯ. ಅರಳಿಯಾದರೆ ಪ್ರದಕ್ಷಿಣೆ. ಅತ್ತಿಯಾದರೆ ದತ್ತಾತ್ರೇಯನ ಪೂಜೆ. ಗೋಣಿಗೆ ಏನಿದೆ? ಹಣ್ಣು ನಾವು ತಿನ್ನುವುದಿಲ್ಲ, ಮರ ತೊಲೆಗೆ ಬರುವುದಿಲ್ಲ, ದೇವರೂ ಇಲ್ಲ. ಅತ್ತೆಯವರು ಕೇರುತ್ತಿದ್ದ ಮೊರ ಕೆಳಗಿಟ್ಟು ಹೇಳಿದ್ದರು, "ಅದು ಹಕ್ಕಿಗಳ ಛತ್ರ ಕಣೇ. ಛತ್ರದಿಂದ ಊರಿಗೇನು ಲಾಭ ಅಂತ ಕೇಳ್ತಾರಾ?"

ಅವರ ಮಾತು ಸುಳ್ಳಲ್ಲ. ಹಣ್ಣಾದ ವಾರ ನಮ್ಮ ಕಣದಲ್ಲಿ ಜಾತ್ರೆ. ಬೆಳಗಾದರೆ ಕುಟ್ರು ಹಕ್ಕಿ, ಪಿಕಳಾರ, ಹಸಿರು ಪಾರಿವಾಳ. ಹೊತ್ತೇರಿದ ಮೇಲೆ ಕೆಂದಳಿಲು, ಕೋತಿ. ಕತ್ತಲಾದರೆ ಬಾವಲಿ, ಪುನುಗಿನ ಬೆಕ್ಕು. ಎಲ್ಲಕ್ಕಿಂತ ಗಲಾಟೆ ಮಂಗಟ್ಟೆ ಹಕ್ಕಿಯದು. ನಮ್ಮ ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ಬೂದು ಮಂಗಟ್ಟೆ ಅದು. ಯಾರೋ ಕುಹಕದಿಂದ ಗಹಗಹಿಸಿ ನಕ್ಕ ಹಾಗೆ ಕೂಗುತ್ತದೆ. ಎಷ್ಟೋ ಸಲ ಅತ್ತೆಯವರು ಒಳಗಿಂದ "ಯಾರೇ ಅದು ಬಂದೋರು?" ಅಂದದ್ದುಂಟು.

ಆ ಹಕ್ಕಿಯ ಸಂಸಾರ ನೀವು ಕೇಳಿದ್ದೀರಾ? ಹೆಣ್ಣು ಮೊಟ್ಟೆಯಿಡುವ ಕಾಲಕ್ಕೆ ಮರದ ಪೊಟರೆ ಹೊಕ್ಕು ಬಾಗಿಲನ್ನು ಒಳಗಿಂದ ಮುಚ್ಚಿಕೊಳ್ಳುತ್ತದೆ. ಕೊಕ್ಕು ಹಿಡಿಸುವಷ್ಟೇ ಸೀಳು ಬಿಟ್ಟಿರುತ್ತದೆ. ಮರಿ ದೊಡ್ಡದಾಗುವ ತನಕ ಗಂಡೇ ಹಣ್ಣು, ಹುಳು ತಂದು ಆ ಸೀಳಿನಲ್ಲಿ ಉಣಿಸಬೇಕು. ಇದನ್ನು ಹೇಳಿ ನಮ್ಮನೆಯವರನ್ನು ನಾನು ಹಂಗಿಸದ ವರ್ಷವಿಲ್ಲ. ನನ್ನ ಬಾಣಂತನದಲ್ಲಿ ಒಂದು ಲೋಟ ಬಿಸಿನೀರು ಕಾಯಿಸಿಕೊಟ್ಟ ಮನುಷ್ಯನಲ್ಲ!

ಇಷ್ಟೆಲ್ಲ ಗೊತ್ತಿದ್ದೂ ಕಡಿಸಿದ್ದೇಕೆ ಅಂತೀರಾ?

2001-02ರ ಸುಮಾರಿಗೆ ಕಾಫಿ ದರ ನೆಲ ಕಚ್ಚಿತು. ಕೊಯ್ಲಿನ ಕೂಲಿ ಹುಟ್ಟುವುದೂ ಕಷ್ಟ. ಸೊಸೈಟಿ ಸಾಲ ಹಾಗೇ ನಿಂತಿತ್ತು, ಮಗಳಿಗೆ ಮೂರು ವರ್ಷ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: ಸಿಲ್ವರ್ ಹಾಕಿ, ಮೆಣಸು ಹಬ್ಬಿಸಿ. ಬೇಗ ಬೆಳೆಯುತ್ತದೆ, ನೆಟ್ಟಗೆ ಬೆಳೆಯುತ್ತದೆ, ಕಾಸಾಗುತ್ತದೆ. ಇನ್ನೊಂದು ಅನುಕೂಲ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಕಡಿಯಲು ಅನುಮತಿ ಬೇಡದ ಮರಗಳ ಪಟ್ಟಿಯಲ್ಲಿ ಸಿಲ್ವರ್ ಓಕ್ ಇದೆ. ಹೊನ್ನೆ, ನೇರಳೆ, ಗೋಣಿ ಕಡಿಯಬೇಕಾದರೆ ಅರ್ಜಿ ಹಿಡಿದು ಅಲೆಯಬೇಕು. ಸಿಲ್ವರ್ ನಿಮ್ಮ ಪೆಟ್ಟಿಗೆಯೊಳಗಿನ ಒಡವೆಯ ಹಾಗೆ, ಬೇಕಾದಾಗ ತೆಗೆದು ಮಾರಬಹುದು.

ನನಗೆ ಬೇರೆ ಸಿಟ್ಟೂ ಇತ್ತು. ಕಣಕ್ಕೆ ಮಧ್ಯಾಹ್ನವೇ ನೆರಳು, ಕಾಫಿ ಒಣಗುತ್ತಿರಲಿಲ್ಲ. ಒಗೆದು ಹರವಿದ ಸೀರೆಯ ಮೇಲೆ ಬಾವಲಿಯ ಹಿಕ್ಕೆ. ಗುಡಿಸಿದಷ್ಟೂ ತರಗೆಲೆ. "ರೀ, ಆ ಮರ ತೆಗೆಸಿ, ಅಲ್ಲಿಂದ ಕೆಳಗೆಲ್ಲ ಸಿಲ್ವರ್ ಹಾಕೋಣ" ಅಂತ ಬೆಳಗ್ಗೆ ಸಂಜೆ ಜಪ ಮಾಡಿದೆ. ಅವರು, "ಅಪ್ಪನ ಕಾಲದ್ದು ಕಣೇ" ಅಂತ ಎಳೆದಾಡಿ ಕೊನೆಗೆ ಸೋತರು. ಮನೆಗೆ ಅಪಾಯ ಅಂತ ಅರ್ಜಿ ಹಾಕಿ, ಅನುಮತಿ ಸಿಕ್ಕಿ, 2002ರ ಫೆಬ್ರವರಿಯಲ್ಲಿ ಕಡಿಸಿದೆವು. ಎರಡು ದಿನ ಹಿಡಿಯಿತು. ಅತ್ತೆಯವರು ಆ ಎರಡು ದಿನ ಕಣದ ಕಡೆ ಮುಖ ಹಾಕಲಿಲ್ಲ. ನನ್ನ ಹತ್ತಿರ ಜಗಳವನ್ನೂ ಆಡಲಿಲ್ಲ. ಆಡಿದ್ದರೆ ವಾಸಿಯಿತ್ತು.

ಮೂರನೆಯ ದಿನ ಬೆಳಗ್ಗೆ ಕಣ ಗುಡಿಸುತ್ತಿದ್ದೆ. ಗಂಡು ಮಂಗಟ್ಟೆ ಬಂತು. ಮರವಿದ್ದ ಜಾಗದ ಮೇಲೆ ಒಂದು ಸುತ್ತು ಹಾಕಿತು. ಹೋಗಿ ಪಕ್ಕದ ಮತ್ತಿಮರದಲ್ಲಿ ಕೂತು, ಮತ್ತೆ ಬಂದು ಸುತ್ತು ಹಾಕಿತು. ಅದರ ಹೆಂಡತಿ ಆ ಮತ್ತಿಯ ಪೊಟರೆಯೊಳಗೆ ಬಾಗಿಲು ಮುಚ್ಚಿಕೊಂಡು ಕೂತಿತ್ತು. ಸೋದರಿಯರೇ, ಬಾಣಂತಿಯ ಮನೆಯ ಅಕ್ಕಿ ಡಬ್ಬಿಯನ್ನು ಎತ್ತಿಕೊಂಡು ಬಂದ ಹಾಗಾಯಿತು ನನಗೆ. ಆದರೂ ಯಾರ ಹತ್ತಿರವೂ ಹೇಳಲಿಲ್ಲ.

ಮುಂಗಾರಿಗೆ 14 ಸಿಲ್ವರ್ ಸಸಿ ನೆಟ್ಟೆವು.

ನಾನು ಮದುವೆಯಾದಾಗಿನಿಂದ ಲೆಕ್ಕದ ಪುಸ್ತಕ ಇಡುವವಳು. ಹಾಲಿನ ಲೆಕ್ಕ, ದಿನಸಿ ಲೆಕ್ಕದ ಜೊತೆ ತೋಟದ ಚಿಲ್ಲರೆ ಖರ್ಚೂ ಅದರಲ್ಲೇ. ಕಥೆಯ ಮುಂದಿನ ಭಾಗ ನಾನು ಹೇಳುವುದಕ್ಕಿಂತ ಆ ಪುಸ್ತಕ ಹೇಳುತ್ತದೆ. ಮೂರನೆಯ ವರ್ಷದಿಂದ 'ಹುಳ ಬಿದ್ದ ಗಿಡ ಕಿತ್ತದ್ದು' ಅಂತ ಒಂದು ಸಾಲು ಬರಲು ಶುರುವಾಯಿತು. ಬಿಳಿ ಕಾಂಡಕೊರಕ ಅಂತಾರಲ್ಲ, ಅದು. ಅರೇಬಿಕಾ ಇರುವ ಮನೆಯಲ್ಲಿ ಅದರ ಹೆಸರೆತ್ತಿದರೆ ಸಾಕು, ಊಟ ಸೇರುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರಿನಿಂದ ಡಿಸೆಂಬರಿನ ತನಕ, ದುಂಬಿ ಹಾರಾಡುತ್ತದೆ. ಬಿಸಿಲು ಬಿದ್ದು ಕಾದ ಕಾಂಡವನ್ನೇ ಹುಡುಕಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ಕಾಂಡದೊಳಗೆ ಸುರಂಗ ಕೊರೆಯುತ್ತದೆ. ಗಿಡ ಹಳದಿಯಾಗಿ ಜೋಲು ಬೀಳುತ್ತದೆ. ಕಿತ್ತು ಸುಡಬೇಕು, ಬೇರೆ ದಾರಿಯಿಲ್ಲ. ನೆರಳು ತೆಳ್ಳಗಾದ ಕಡೆ ಇದರ ಕಾಟ ಜಾಸ್ತಿ. ತೋಟದಲ್ಲಿ ಒಳ್ಳೆಯ ನೆರಳು ಇಟ್ಟುಕೊಳ್ಳಿ ಅಂತಲೇ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಸಂಸ್ಥೆಯವರೂ ಹೇಳುವುದು. ಗೋಣಿಯ ನೆರಳಿದ್ದಾಗ ಆ ಪಟ್ಟಿಯಲ್ಲಿ ವರ್ಷಕ್ಕೆ ಒಂದೋ ಎರಡೋ ಗಿಡ ಹೋಗುತ್ತಿತ್ತು. ಕಡಿಸಿದ ಮೇಲಿನ ಆರು ವರ್ಷದಲ್ಲಿ ಹೋದದ್ದು 62. ನೆಟ್ಟ ಸಿಲ್ವರ್ ಇನ್ನೂ ಛತ್ರಿ ಬಿಚ್ಚಿರಲಿಲ್ಲ.

ಇನ್ನು ಕೋತಿ. ಗೋಣಿ ಹಣ್ಣಿಗೆ ಬರುತ್ತಿದ್ದವು ಹಣ್ಣು ಹೋದ ಮೇಲೆ ಬರುವುದು ಬಿಟ್ಟಾವು ಅಂದುಕೊಂಡಿದ್ದೆ. ಎಲ್ಲಿ ಬಿಟ್ಟವು? ಛತ್ರ ಮುಚ್ಚಿದ್ದಕ್ಕೆ ನೇರವಾಗಿ ನಮ್ಮ ಅಡುಗೆಮನೆಗೇ ಬಂದವು. ಬಾಳೆಗೊನೆ, ಸೀಬೆಕಾಯಿ, ಹೆಂಚು ಸರಿಸಿ ಕೊಬ್ಬರಿ!

ಸಿಲ್ವರನ್ನು ನಾನು ಬೈಯಲಾರೆ. 2017ರಲ್ಲಿ ಮಗಳ ಇಂಜಿನಿಯರಿಂಗ್ ಫೀಸಿಗೆ ಅಂತ ಅದರಲ್ಲಿ ಎಂಟು ಮರ ಮಾರಿದೆವು. ಕೈ ಹಿಡಿದದ್ದು ಅದೇ. ಅದರ ಹಳದಿ ಹೂವಿಗೆ ಜೇನೂ ಬರುತ್ತದೆ. ಆದರೆ ಹಣ್ಣು ಅಂತ ಹಕ್ಕಿಯ ಬಾಯಿಗೆ ಇಡಲು ಅದರ ಹತ್ತಿರ ಏನಿಲ್ಲ, ಬರೀ ಒಣ ಕಾಯಿ. ಕೆಲಸಕ್ಕೆ ಬಂದ ನೆಂಟನ ಹಾಗೆ ಅದು. ಕೆಲಸ ಮಾಡುತ್ತದೆ, ಮನೆ ನಡೆಸುವುದಿಲ್ಲ.

ಹಾಗಾದರೆ ನಿಜವಾದ ಓಕ್ ಯಾವುದು? ಅದನ್ನು ಕಣ್ಣಾರೆ ಕಾಣುವ ಯೋಗ ನನಗೆ 2018ರ ಮೇ ತಿಂಗಳಲ್ಲಿ ಬಂತು, ಬದರಿ-ಕೇದಾರ ಯಾತ್ರೆಯಲ್ಲಿ. ಕೇದಾರ ಮುಗಿಸಿ ಬದರಿಗೆ ಊಖೀಮಠ, ಚೋಪ್ತಾ, ಮಂಡಲ್ ದಾರಿಯಲ್ಲಿ ಹೋಗುತ್ತಿದ್ದೆವು. ಒಂದು ತಿರುವಿನಲ್ಲಿ ಬಸ್ಸು ಬಿಸಿಯಾಗಿ ನಿಂತಿತು. ಇಳಿದರೆ ಎದುರಿಗೆ ದಟ್ಟ ಕಾಡು. ನಮ್ಮ ಮಲೆನಾಡಿನ ಹಾಗೇ ಪಾಚಿ ಹಿಡಿದ ಕೊಂಬೆಗಳು, ಕೊಂಬೆಯ ಮೇಲೆ ಜರಿಗಿಡ, ಬುಡದಲ್ಲಿ ಒದ್ದೆ ತರಗೆಲೆಯ ಮೆತ್ತೆ. ಕಲ್ಲಿನ ಸಂದಿಯಿಂದ ನೀರು ಜಿನುಗುತ್ತಿತ್ತು. ಚಹಾ ಅಂಗಡಿಯ ಹೆಂಗಸು, "ಬಾಂಜ್" ಅಂತ ಮರ ತೋರಿಸಿದಳು. ನಮ್ಮ ತಂಡದಲ್ಲಿ ಹಿಂದಿ ಬಲ್ಲ ಮೇಷ್ಟ್ರೊಬ್ಬರಿದ್ದರು. "ಇದೇ ಅಮ್ಮಾ ಓಕ್. ಚಳಿಗಾಲದಲ್ಲಿ ಎಲೆ ಉದುರಿಸಿ ಬೋಳಾಗದ ಜಾತಿ" ಅಂದರು.

ಒಂದು ಎಲೆ ಕಿತ್ತು ಮಗುಚಿದೆ. ಹಿಂಬದಿಯೆಲ್ಲ ಬೆಳ್ಳಿ! ನಮ್ಮ ಸಿಲ್ವರ್ ಓಕಿನ ಎಲೆಯ ಹಾಗೇ. ನಿಜವಾದ ಬೆಳ್ಳಿ ಓಕ್ ಇಲ್ಲಿದೆಯಲ್ಲ ಅಂತ ನಗು ಬಂತು.

ಹಿಂದಿಯಲ್ಲಿ 'ಬಾಂಝ್' ಅಂದರೆ ಬಂಜೆ ಅಂತಲೂ ಅರ್ಥವಂತೆ. ಹೆಸರು ಕಿವಿಗೆ ಹಾಗೆ ಕೇಳಿಸುವ ಮರದ ಬುಡದಲ್ಲೇ ಊರಿಗೆಲ್ಲ ಕುಡಿಯುವ ನೀರು! ಬಾಂಜ್ ಕಾಡಿನ ಒರತೆ ತಣ್ಣಗೆ, ಸಿಹಿ ಅಂತ ಅಲ್ಲಿಯವರ ಮಾತು. ಅದರ ಎಲೆ ದನಕ್ಕೆ ಮೇವು, ಉದುರಿದ್ದು ಕೊಟ್ಟಿಗೆಗೆ ಹಾಸು, ಆಮೇಲೆ ಗೊಬ್ಬರ. ಒಣ ಕೊಂಬೆ ಒಲೆಗೆ. ಉದುರಿದ ಎಲೆಯ ಮೆತ್ತೆ ಮಳೆಯ ನೀರನ್ನು ಹೀರಿ ನಿಧಾನವಾಗಿ ನೆಲಕ್ಕೆ ಇಳಿಸುತ್ತದೆ. ಅಲ್ಲೂ ಒಬ್ಬ 'ಸಿಲ್ವರ್' ಇದ್ದಾನೆ, ಚೀಡ್ ಅನ್ನುವ ಪೈನ್ ಮರ. ರಾಳ ಬರುತ್ತದೆ, ದಿಮ್ಮಿ ಬರುತ್ತದೆ, ಹಣ ಬರುತ್ತದೆ ಅಂತ ಅದಕ್ಕೇ ಮರ್ಯಾದೆ. ಬಾಂಜ್ ಹೋಗಿ ಚೀಡ್ ಬರುತ್ತಿದೆ, ಇದರಿಂದ ಪ್ರವಾಹ ಹೆಚ್ಚುತ್ತದೆ ಅಂತ ಗಾಂಧೀಜಿಯವರ ಶಿಷ್ಯೆ ಮೀರಾ ಬೆನ್ ಸ್ವಾತಂತ್ರ್ಯ ಬಂದ ಹೊಸತರಲ್ಲೇ ಎಚ್ಚರಿಸಿದ್ದರು.

ಊರಿಗೆ ಬಂದ ಮೇಲೆ ಆ ಸೀಮೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. 1973ರಲ್ಲಿ ಚಿಪ್ಕೋ ಶುರುವಾದದ್ದು ನಮ್ಮ ಬಸ್ಸು ದಾಟಿ ಹೋದ ಆ ಮಂಡಲ್‌ನಲ್ಲೇ! 1974ರಲ್ಲಿ ರೇಣಿ ಹಳ್ಳಿಯ ಗೌರಾದೇವಿ, ಗಂಡಸರು ಊರಲ್ಲಿಲ್ಲದ ದಿನ, ಹೆಂಗಸರನ್ನು ಕರೆದುಕೊಂಡು ಹೋಗಿ ಮರ ಕಡಿಯುವವರನ್ನು ತಡೆದದ್ದು ನಿಮಗೆ ಗೊತ್ತಿರಬಹುದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಕಥೆ. ಅದೇ ಚಮೋಲಿ ಜಿಲ್ಲೆಯ ಡೂಂಗ್ರಿ ಪೈಂತೋಲಿ ಅನ್ನುವ ಹಳ್ಳಿ, 1980ನೇ ಇಸವಿ. ಊರಿನ ಬಾಂಜ್ ಕಾಡನ್ನು ಕಡಿದು ಆಲೂಗಡ್ಡೆ ಬೀಜದ ಫಾರಂ ಮಾಡುವುದು ಅಂತಾಯಿತು. ರಸ್ತೆ ಬರುತ್ತದೆ, ಶಾಲೆ ಬರುತ್ತದೆ, ಆಸ್ಪತ್ರೆ ಬರುತ್ತದೆ ಅಂತ ಊರ ಗಂಡಸರು ಒಪ್ಪಿದರು. ಹೆಂಗಸರು ಒಪ್ಪಲಿಲ್ಲ. ಕಾಡು ಹೋದರೆ ಸೌದೆಗೆ, ಮೇವಿಗೆ ಮೈಲಿಗಟ್ಟಲೆ ನಡೆಯಬೇಕಾದವರು ತಾವಲ್ಲವೇ? ಸ್ವಂತ ಮನೆಯವರ ಮಾತಿಗೇ ಎದುರು ನಿಂತು ಕಾಡು ಉಳಿಸಿಕೊಂಡರು. ನಮ್ಮ ಶಿರಸಿ ಕಡೆಯ ಸಲ್ಕಣಿಯಲ್ಲಿ 1983ರಲ್ಲಿ ಜನ ಮರ ಅಪ್ಪಿಕೊಂಡದ್ದೂ ಇದೇ ಹಾದಿಯಲ್ಲಿ.

ಅಲ್ಲಿ ಗಂಡಸರು ಕಡಿಯೋಣ ಅಂದರು, ಹೆಂಗಸರು ಬೇಡ ಅಂದರು. ನಮ್ಮ ಮನೆಯಲ್ಲಿ ಅವರು ಬೇಡ ಅಂದರೂ ಕಡಿಸಿದವಳು ನಾನು. ಆ ರಾತ್ರಿ ನಿದ್ದೆ ಬರಲಿಲ್ಲ.

'ಅತ್ತಿ ಹಣ್ಣು ಬಿಚ್ಚಿದರೆ ಹುಳ' ಅಂತ ಗಾದೆ ಹೇಳುತ್ತೇವಲ್ಲ, ಅದರ ಒಳಗುಟ್ಟು ಗೊತ್ತಾದದ್ದೂ ಆಮೇಲೆಯೇ. ಅತ್ತಿ, ಆಲ, ಗೋಣಿ, ಬಸರಿ ಎಲ್ಲ ಒಂದೇ ಬಳಗ. ಇವುಗಳ ಹೂವು ಹೊರಗೆ ಕಾಣುವುದಿಲ್ಲ, ಕಾಯಿ ಅನ್ನುತ್ತೇವಲ್ಲ ಅದರ ಒಳಗೇ ಇರುತ್ತದೆ. ಒಂದೊಂದು ಜಾತಿಗೂ ಅದರದೇ ಪುಟ್ಟ ಕಣಜ, ಎಳ್ಳಿಗಿಂತ ಚಿಕ್ಕದು. ಹೆಣ್ಣು ಕಣಜ ಕಾಯಿಯ ತುದಿಯ ಸಣ್ಣ ಕಿಂಡಿಯಲ್ಲಿ ನುಗ್ಗುವಾಗ ರೆಕ್ಕೆ ಮುರಿದುಕೊಳ್ಳುತ್ತದೆ. ತಂದ ಪರಾಗವನ್ನು ಹೂವಿಗೆ ಮುಟ್ಟಿಸಿ, ಮೊಟ್ಟೆಯಿಟ್ಟು, ಅಲ್ಲೇ ಪ್ರಾಣ ಬಿಡುತ್ತದೆ. ಮರಿಗಳಲ್ಲಿ ಗಂಡಿಗೆ ರೆಕ್ಕೆಯೇ ಇಲ್ಲ, ಹೊರದಾರಿ ಕೊರೆದುಕೊಟ್ಟು ಸಾಯುತ್ತದೆ. ಹೆಣ್ಣುಮರಿಗಳು ಪರಾಗ ಹೊತ್ತು ಇನ್ನೊಂದು ಮರಕ್ಕೆ ಹಾರುತ್ತವೆ. ಬದುಕುವುದು ಒಂದೆರಡು ದಿನ, ಅಷ್ಟರೊಳಗೆ ಕಾಯಿ ಬಿಟ್ಟ ಮರ ಸಿಗಬೇಕು. ಅದಕ್ಕೇ ಈ ಮರಗಳೆಲ್ಲ ಒಂದೇ ಸಲ ಕಾಯಿ ಬಿಡುವುದಿಲ್ಲ. ಈ ತಿಂಗಳು ಇದು, ಮುಂದಿನ ತಿಂಗಳು ಅದು. ಬೇರೆ ಮರದಲ್ಲಿ ಹಣ್ಣಿಲ್ಲದ ದಿನಗಳಲ್ಲೂ ಎಲ್ಲೋ ಒಂದು ಗೋಣಿಯೋ ಅತ್ತಿಯೋ ಹಕ್ಕಿಗಳಿಗೆ ಎಲೆ ಹಾಕಿ ಬಡಿಸುತ್ತಿರುತ್ತದೆ. ತಿಂದ ಹಕ್ಕಿ ಕಾಡಿನ ಬೇರೆ ಬೇರೆ ಬೀಜಗಳನ್ನೂ ಊರೂರಿಗೆ ಬಿತ್ತುತ್ತದೆ. ಅತ್ತೆಯವರು ಓದಿದ್ದು ಮೂರನೇ ಕ್ಲಾಸು. ಆದರೆ 'ಛತ್ರ' ಅಂತ ಒಂದೇ ಮಾತಿನಲ್ಲಿ ಇದನ್ನೆಲ್ಲ ಹೇಳಿಬಿಟ್ಟಿದ್ದರು.

2019ರ ಆಗಸ್ಟಿನ ಮಳೆ ನಿಮಗೆ ನೆನಪಿರಬೇಕು. ಮೂಡಿಗೆರೆ, ಕಳಸದ ಕಡೆ ಗುಡ್ಡಗಳೇ ಜಾರಿ ಬಂದವು. ಮಲೆಮನೆ, ಮಧುಗುಂಡಿಯ ಹೆಸರು ಪೇಪರಿನಲ್ಲೆಲ್ಲ ಬಂತು. ಗುಡ್ಡ ಕುಸಿಯಲು ಕಾರಣ ಹಲವು. ಒಂದು ಮರವಿದ್ದಿದ್ದರೆ ನಿಲ್ಲುತ್ತಿತ್ತು ಅಂತ ನಾನು ಹೇಳಲಾರೆ. ನಮ್ಮ ಹಳ್ಳದಲ್ಲಿ ಕಂಡದ್ದನ್ನಷ್ಟೇ ಹೇಳುತ್ತೇನೆ. ದಂಡೆಯ ಮೇಲೆ ನಮ್ಮದೇ ಇನ್ನೊಂದು ಗೋಣಿಮರವಿದೆ. ದಂಡೆ ಎರಡು ಕಡೆ ಕೊಚ್ಚಿಹೋಗಿ ಗದ್ದೆಗೆ ಮಣ್ಣು ತುಂಬಿತು. ಗೋಣಿಯ ಬೇರು ಹಬ್ಬಿದ್ದ ಕಡೆ ಹಿಡಿ ಮಣ್ಣು ಅಲುಗಿರಲಿಲ್ಲ.

ಅದೇ ಮರಕ್ಕೆ 2022ರಲ್ಲಿ ಗಂಡಾಂತರ ಬಂತು. ಮೆಣಸಿಗೆ ಒಳ್ಳೆಯ ರೇಟು. "ಆ ಮೂಲೆಯಲ್ಲಿ ವಿಪರೀತ ನೆರಳು, ತೆಗೆಸಿ 20 ಸಿಲ್ವರ್ ಕೂರಿಸೋಣ. ಮಗಳ ಮದುವೆ ಹೊತ್ತಿಗೆ ಮೆಣಸು ಬರುತ್ತೆ" ಅಂದರು ನಮ್ಮನೆಯವರು. ಪಾಪ, ಇಪ್ಪತ್ತು ವರ್ಷದ ಹಿಂದೆ ನಾನು ಕಲಿಸಿದ ಪಾಠವನ್ನೇ ಅವರು ಒಪ್ಪಿಸುತ್ತಿದ್ದರು!

ನಾನು ಅಳಲಿಲ್ಲ, ಕೂಗಾಡಲಿಲ್ಲ. ರಾತ್ರಿ ಊಟವಾದ ಮೇಲೆ ಹಳೆಯ ಲೆಕ್ಕದ ಪುಸ್ತಕಗಳನ್ನು ತಂದು ಮುಂದಿಟ್ಟೆ. ಒಂದು ಕಡೆ ಸಿಲ್ವರ್ ಮಾರಿದ ಹಣ, ಮೆಣಸಿನ ಹಣ. ಇನ್ನೊಂದು ಕಡೆ ಹೋದ 62 ಗಿಡ, ಅವುಗಳ ಅಷ್ಟು ವರ್ಷದ ಫಸಲು, ಕಿತ್ತ ಕೂಲಿ, ಹೊಸ ಸಸಿ, ಔಷಧಿ ಸವರಿದ ಖರ್ಚು, ಹೆಂಚು ಬದಲಾಯಿಸಿದ್ದು. ಅವರು ಕನ್ನಡಕ ಹಾಕಿಕೊಂಡು ಎರಡೆರಡು ಸಲ ಕೂಡಿದರು. ಲಾಭ ಇತ್ತು, ಇಲ್ಲವೆನ್ನಲಾರೆ. ಆದರೆ ಹದಿನೈದು ವರ್ಷಕ್ಕೆ ಹಂಚಿದರೆ ಊರೆಲ್ಲ ಹೇಳುವಷ್ಟಲ್ಲ. "ಇದರಲ್ಲಿ ಮಂಗಟ್ಟೆ ಲೆಕ್ಕ ಎಲ್ಲಿದೆ?" ಅಂತ ಅವರೇ ಕೇಳಿದರು. "ಅದಕ್ಕೆ ಕಾಲಂ ಹಾಕಿರಲಿಲ್ಲ" ಅಂದೆ. ಅಷ್ಟು ಹೊತ್ತು ತಡೆದಿದ್ದ ಕಣ್ಣೀರು ಆಗ ಬಂತು. ಮರ ಉಳಿಯಿತು. ಸಿಲ್ವರ್ ಬೇಡ ಅನ್ನಲಿಲ್ಲ ನಾನು. ಬೇಲಿ ಸಾಲಿಗೆ, ಮೇಲಿನ ಅಂಚಿಗೆ ಹಾಕಿದೆವು. ಅದರ ಜಾಗ ಅದಕ್ಕಿರಲಿ.

ಕಣದ ಮೂಲೆಯ ಋಣವೊಂದು ಬಾಕಿಯಿತ್ತು. ಅದನ್ನು ತೀರಿಸುವುದು ಕಷ್ಟವಿಲ್ಲ, ನೀವೂ ಮಾಡಬಹುದು. ಗೋಣಿಯನ್ನು ಬೀಜ ಹಾಕಿ ಕಾಯಬೇಕಿಲ್ಲ. ಮುಂಗಾರು ಹಿಡಿಯುವ ಹೊತ್ತಿಗೆ ತೋಳು ದಪ್ಪದ, ಆರಡಿ ಉದ್ದದ ಕೊಂಬೆ ಕಡಿದುಕೊಳ್ಳಿ. ಬುಡವನ್ನು ಓರೆಯಾಗಿ ಕೊಯ್ಯಿರಿ. ಎರಡಡಿ ಗುಂಡಿಯಲ್ಲಿ ನೆಟ್ಟು ಮಣ್ಣು ಗಟ್ಟಿಯಾಗಿ ತುಳಿಯಿರಿ. ಮೇಲಿನ ತುದಿ ಒಣಗದ ಹಾಗೆ ಸೆಗಣಿ ಮೆತ್ತಿ. ದನ ಬಾಯಿ ಹಾಕದಂತೆ ಮುಳ್ಳು ಕಟ್ಟಿ. ಮನೆಯ ಗೋಡೆಗೆ, ಬಾವಿಗೆ ಹತ್ತಿರ ಮಾತ್ರ ಬೇಡ, ಬೇರು ಬಲು ಜೋರು. ನಾನು ಕಣದಿಂದ ಆಚೆ ಸರಿಸಿ ಮೂರು ಕೊಂಬೆ ನೆಟ್ಟೆ. ಒಂದು ಒಣಗಿತು, ಎರಡು ಚಿಗುರಿದವು. ಈಗ ನನಗಿಂತ ಎತ್ತರವಾಗಿವೆ.

ತೋಟವಿಲ್ಲದ ಸೋದರಿಯರು, ನಮಗೇನು ಸಂಬಂಧ ಅನ್ನಬೇಡಿ. ನಿಮ್ಮೂರ ಕೆರೆ ಏರಿಯಲ್ಲಿ, ಸಂತೆ ಮೈದಾನದಲ್ಲಿ, ಹಳೆಯ ರಸ್ತೆಯ ಬದಿಯಲ್ಲಿ ಗೋಣಿಯೋ ಬಸರಿಯೋ ಇದ್ದೇ ಇರುತ್ತದೆ. "ಇದರಿಂದೇನು ಉಪಯೋಗ?" ಅಂತ ಯಾರಾದರೂ ಕೊಡಲಿ ಎತ್ತಿದ ದಿನ, ಯಾರಿಗೆ ಉಪಯೋಗ ಅಂತ ತಿರುಗಿ ಕೇಳಿ. ನಾನು ಕೇಳದೆ ಹೋದ ಪ್ರಶ್ನೆ ಅದು.

ಅತ್ತೆಯವರು ತೀರಿಕೊಂಡು ಹನ್ನೆರಡು ವರ್ಷವಾಯಿತು. ಈ ನೆಟ್ಟ ಗೋಣಿಯನ್ನು ಅವರು ಕಾಣಲಿಲ್ಲ. ಅದು ಹಣ್ಣು ಬಿಡುವುದನ್ನು ನಾನು ಕಾಣುತ್ತೇನೋ ಇಲ್ಲವೋ. ಮೊನ್ನೆ ಬೆಳಗ್ಗೆ ಕಣ ಗುಡಿಸುತ್ತಿದ್ದಾಗ ಹಳ್ಳದ ಕಡೆಯ ಗೋಣಿಯಿಂದ ಯಾರೋ ಗಹಗಹಿಸಿ ನಕ್ಕ ಹಾಗೆ ಕೇಳಿಸಿತು. ರಜೆಗೆ ಬಂದಿದ್ದ ಮಗಳು ಒಳಗಿಂದ, "ಯಾರಮ್ಮಾ ಅದು ಬಂದೋರು?" ಅಂದಳು.

"ನೆಂಟರು ಕಣೇ, ಛತ್ರಕ್ಕೆ" ಅಂದೆ.